ದೊಡ್ಡ ಸಿಸ್ಟರ್‌ಗೆ ಕಾಣುವ ಅಕ್ಷರ

ಹಲೋ… ಹಲೋ, ಯಾರು ಮಾತಾಡ್ತಿರೋದು?… ಭಾವ ತಾನೇ? ಸದ್ಯ! ನಾನು, ಭಾವ… ನಾನು ಅಂದ್ರೆ ನಾನೇ, ಆಂಬುಲೆನ್ಸ್ ಡ್ರೈವರ್… ಹಾಂ, ಹಾಂ, ಅವನೇ. ಸ್ವಲ್ಪ ಮೆಲ್ಲಗೆ ಮಾತಾಡಿ. ಸಿಸ್ಟರ್ ಪಕ್ಕದಲ್ಲಿಲ್ಲ ತಾನೇ?…

ಡ್ರೈವರ್ ಮೊಬೈಲನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಮೇಜಿನ ಮೇಲಿನ ಹಾಳೆಯನ್ನು ಒತ್ತಿ ಹಿಡಿದಿದ್ದ. ಫ್ಯಾನಿನ ಗಾಳಿಗೆ ಅದರ ಮೂಲೆ ಏಳುತ್ತಿತ್ತು. ಆಸ್ಪತ್ರೆಯ ಹಿಂದೆ, ಗಾಡಿ ನಿಲ್ಲಿಸುವ ಶೆಡ್ಡಿಗೆ ಅಂಟಿಕೊಂಡ ಕೋಣೆ ಅದು. ಡ್ಯೂಟಿಯಲ್ಲಿರುವ ಡ್ರೈವರುಗಳು ಕರೆ ಬರುವ ತನಕ ಅಲ್ಲೇ ಕಾಯಬೇಕು. ಭಾನುವಾರದ ಮಧ್ಯಾಹ್ನ, ಹೊರಗೆ ಯಾರೂ ಇರಲಿಲ್ಲ.

ಭಾವ ಎಂದರೆ ಅವನ ಸ್ವಂತ ಭಾವನಲ್ಲ. ಹೆರಿಗೆ ವಾರ್ಡಿನ ಮುಖ್ಯ ನರ್ಸನ್ನು ಇಡೀ ಆಸ್ಪತ್ರೆ ದೊಡ್ಡ ಸಿಸ್ಟರ್ ಎಂದು ಕರೆಯುತ್ತಿತ್ತು. ಸಿಸ್ಟರ್ ಅಂದಮೇಲೆ ಅವರ ಗಂಡ ಭಾವ ಅಲ್ಲದೆ ಇನ್ನೇನು ಎಂದು ಯಾರೋ ಒಂದು ದಿನ ತಮಾಷೆಗೆ ಅಂದಿದ್ದೇ ನೆಪವಾಗಿ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಆ ಮನುಷ್ಯ ಕಾವಲುಗಾರನಿಂದ ಹಿಡಿದು ಡಾಕ್ಟರರವರೆಗೆ ಎಲ್ಲರಿಗೂ ಭಾವ ಆಗಿಬಿಟ್ಟಿದ್ದರು.

…ಇಲ್ಲ ಇಲ್ಲ, ಯಾರಿಗೂ ಏನೂ ಆಗಿಲ್ಲ. ನಾನು ಫೋನ್ ಮಾಡಿದ್ರೆ ಸಾಕು, ಎಲ್ಲರೂ ಎದೆ ಹಿಡ್ಕೋತೀರಿ, ನಾನೇನು ಮಾಡ್ಲಿ ಹೇಳಿ… ಎಲ್ಲಿದಾರೆ ಅವರು?… ಹಾಲ್‌ನಲ್ಲಿ. ರೇಡಿಯೋ ಕೇಳ್ತಾ. ನೀವು?… ಅಡುಗೆಮನೆ. ಒಳ್ಳೇದಾಯ್ತು, ಅಲ್ಲೇ ಇರಿ.

…ನಾಳೆ ಆಸ್ಪತ್ರೇಲಿ ಸಿಸ್ಟರ್‌ದು ಕೊನೇ ದಿನ ಅಲ್ವಾ? ವಾರ್ಡಿನವರೆಲ್ಲ ಸೇರಿ ಒಂದು ಹಾಳೆ ಬರೆಸಿ, ಫ್ರೇಮ್ ಹಾಕಿಸಿ ಕೊಡೋಣ ಅಂತ. ಅಚ್ಚು ಹಾಕಿಸಿದ್ದಲ್ಲ, ಕೈಯಲ್ಲೇ ಬರೆದದ್ದು. ಬರೆಯೋನು ನಾನು… ಹಾಂ, ನಾನೇ. ನಗಬೇಡಿ… ಸರಿ, ನಗಿ. ಮೊನ್ನೆವರೆಗೆ ನನಗೂ ನಗು ಬರ್ತಿತ್ತು. ಈಗ ಲೇಔಟ್ ಮಾಡೋಕೆ ಕೂತು ಸರಿಯಾಗಿ ಸಿಕ್ಕಿ ಹಾಕ್ಕೊಂಡಿದೀನಿ…

…ಅಯ್ಯೋ, ಆ ಲೇಔಟ್ ಅಲ್ಲ ಭಾವ! ನಾನೆಲ್ಲಿಂದ ಸೈಟ್ ತಗೊಳ್ಲಿ? ಹಾಳೆ ಮೇಲಿನ ಲೇಔಟ್. ಯಾವ ಸಾಲು ಎಲ್ಲಿ ಕೂರಬೇಕು, ಅಂಚು ಎಷ್ಟು ಬಿಡಬೇಕು, ಅಕ್ಷರ ಎಷ್ಟು ಎತ್ತರ ಇರಬೇಕು ಅನ್ನೋದು. ಬರೆಯೋಕೆ ಮುಂಚೆ ಅದೆಲ್ಲ ಪೆನ್ಸಿಲ್ಲಲ್ಲಿ ಗುರುತು ಮಾಡ್ಕೋಬೇಕು. ಬರೆಯೋದೇ ಸುಲಭ ಅಂತೆ. ಟೀಚರ್ ಹಾಗಂತಾರೆ. ನನಗೆ ಎರಡೂ ಸುಲಭ ಇಲ್ಲ.

ಡ್ರೈವರ್ ಅಕ್ಷರದ ಕ್ಲಾಸಿಗೆ ಸೇರಿ ಕೆಲವು ತಿಂಗಳಾಗಿತ್ತು ಅಷ್ಟೇ. ಕಾದು ಕೂರುವ ಕೆಲಸ ಅವನದು. ಕೂತಲ್ಲೇ ಎದುರಿನ ಬೋರ್ಡುಗಳ ಅಕ್ಷರಗಳನ್ನು ಬೆರಳಿನಿಂದ ಸ್ಟೀರಿಂಗ್ ಮೇಲೆ ತಿದ್ದುವ ಚಟ ಹತ್ತಿತ್ತು. ಸ್ಟೇಷನರಿ ಅಂಗಡಿಯ ಮಹಡಿಯ ಮೇಲೆ ಒಬ್ಬ ಟೀಚರ್ ಅಕ್ಷರ ಬರೆಯುವುದನ್ನು ಕಲಿಸುತ್ತಾರೆಂದು ಗೊತ್ತಾದಾಗ, ನಾಚಿಕೆ ಬಿಟ್ಟು ಹೋಗಿ ಕಾಲೇಜು ಹುಡುಗಿಯರ ನಡುವೆ ಕೂತ. ಚಪ್ಪಟೆ ಮೂತಿಯ ಪೆನ್ನು ಹಿಡಿದರೆ ಅವನ ತಲೆಕಟ್ಟುಗಳೆಲ್ಲ ಬಿರುಗಾಳಿಗೆ ಸಿಕ್ಕಿದ ಹೆಂಚಿನ ಹಾಗೆ ಒಂದೊಂದು ಒಂದೊಂದು ಕಡೆಗೆ ವಾಲುತ್ತಿದ್ದವು. ಆದರೂ ವಾರ್ಡಿನವರು ಅವನ ಅಭ್ಯಾಸದ ಹಾಳೆ ನೋಡಿ, ನಮ್ಮ ಡ್ರೈವರಣ್ಣ ಇರುವಾಗ ಹೊರಗಿನವರು ಯಾಕೆ ಎಂದು ಕೆಲಸವನ್ನು ಅವನ ತಲೆಗೆ ಕಟ್ಟಿದ್ದರು. ಬೇಡ ಎನ್ನಲು ಬಾಯಿ ಬರಲಿಲ್ಲ. ದೊಡ್ಡ ಸಿಸ್ಟರ್‌ಗಲ್ಲವೇ.

…ಏನು ತೊಂದರೆ ಅಂದ್ರೆ ಕೇಳಿ. ಒಬ್ಬೊಬ್ಬರು ಒಂದೊಂದು ಸಾಲು ಹೇಳಿದಾರೆ. ನೆಲ ಒರೆಸೋ ಅಮ್ಮ ಒಂದು, ಗೇಟಿನ ಕಾವಲುಗಾರ ಒಂದು, ಆ ಹೊಸ ಸಿಸ್ಟರ್ ಒಂದು. ಔಷಧಿ ಕೌಂಟರಿನವರು ಅದಕ್ಕೆಲ್ಲ ಮುನ್ನುಡಿ ಅಂತ ದೊಡ್ಡ ದೊಡ್ಡ ಪದ ಹಾಕಿ ಕೊಟ್ಟಿದಾರೆ. ಎಲ್ಲ ಹಿಡಿಸಬೇಕು ಅಂದ್ರೆ ಅಕ್ಷರ ಇರುವೆ ಸಾಲಾಗುತ್ತೆ. ಸಾಲು ಹತ್ತಿರ ಮಾಡಿದ್ರೆ ಮೇಲಿನ ಸಾಲಿನ ಒತ್ತಕ್ಷರ ಬಂದು ಕೆಳಗಿನ ಸಾಲಿನ ಗುಡಿಸಿನ ತಲೆ ಮೇಲೆ ಕೂರುತ್ತೆ. ದೂರ ಮಾಡಿದ್ರೆ ಕೊನೇ ಸಾಲು ಹಾಳೆ ಬಿಟ್ಟು ಮೇಜಿನ ಮೇಲೆ ಬರೀಬೇಕಾಗುತ್ತೆ… ನಗು ಅಲ್ಲ ಭಾವ, ನಿಜ! ಒಳ್ಳೇ ಹಾಳೆ ಇರೋದು ಇದೊಂದೇ.

…ಟೀಚರನ್ನೂ ಕೇಳಿದೆ. ಅವರು ಒಂದೇ ಮಾತು ಅಂದ್ರು. ಓದೋರು ಎಷ್ಟು ದೂರ ಕೂರ್ತಾರೆ, ಅವರ ಕಣ್ಣು ಹೇಗಿದೆ, ಅದನ್ನ ಮೊದಲು ತಿಳ್ಕೊಂಡು ಬಾ, ಅಕ್ಷರದ ಅಳತೆ ಅಲ್ಲಿಂದ ಶುರು ಅಂತ. ಅದಕ್ಕೇ ನಿಮಗೆ ಫೋನ್ ಮಾಡಿದ್ದು. ಭಾವ, ಸಿಸ್ಟರ್‌ಗೆ ಎಷ್ಟು ದೊಡ್ಡ ಅಕ್ಷರ ಕಾಣುತ್ತೆ?…

ಆ ಕಡೆ ಪಾತ್ರೆಯ ಮೇಲೆ ಮುಚ್ಚಳ ಇಟ್ಟ ಸದ್ದಾಯಿತು. ಡ್ರೈವರ್ ಪೆನ್ಸಿಲ್ ಕೈಗೆ ತಗೊಂಡ. ಅಳತೆ ಹೇಳಿದ ಕೂಡಲೇ ಗೆರೆ ಎಳೆದು ಮುಗಿಸಿಬಿಡಬಹುದು ಎಂಬ ಭರವಸೆಯಲ್ಲಿದ್ದ.

…ಕನ್ನಡಕದ ಪವರ್ ಬದಲಾಗಿದೆ ಅಷ್ಟೇನಾ? ಹಾಂ… ಹಾಂ. ಮನೇಲಿ ಎಲ್ಲ ಸರಿಯಾಗೇ ಮಾಡ್ತಾರಾ? ಹೌದಾ. ಒಳ್ಳೇದು… ಇಲ್ಲ, ನಾನು ಯಾಕೆ ಕೇಳಿದೆ ಅಂದ್ರೆ, ಈಚೆಗೆ ಯಾವ ಚೀಟಿ ಬಂದ್ರೂ ನನ್ನ ಕೈಗೆ ಕೊಟ್ಟು, ಕನ್ನಡಕ ಮರೆತೆ ಕಣೋ, ಏನಿದೆ ಓದು ಅಂತಿದ್ರು. ಯಾವಾಗಲಾದ್ರೂ ಒಂದ್ಸಲ ಅಂದ್ರೆ ಸರಿ. ದಿನಾ ಯಾರಾದ್ರೂ ಕನ್ನಡಕ ಮರೀತಾರಾ?… ಹೌದು ಹೌದು, ವಯಸ್ಸಾಯ್ತು ಅನ್ನಿ. ನಮಗೂ ಆಗುತ್ತೆ.

…ಒಂದು ಕೆಲಸ ಮಾಡ್ತೀರಾ? ಅವರಿಗೆ ಅನುಮಾನ ಬರಬಾರದು. ಇವತ್ತಿನ ಪೇಪರ್ ಇದೆಯಾ?… ಅದನ್ನ ಹಾಗೇ ಅವರ ಮುಂದೆ ಹಿಡಿದು, ಇದೇನು ಹಾಕಿದಾರೆ ನೋಡು ಅಂತ ಮೇಲಿನ ಹೆಡ್ಡಿಂಗ್ ತೋರಿಸಿ. ಅದು ಕಂಡ್ರೆ ನನಗೆ ಸಾಕು. ಆ ಹೆಡ್ಡಿಂಗ್ ಅಕ್ಷರ ಎಷ್ಟಿರುತ್ತೆ, ನನ್ನ ಉಗುರಿನಷ್ಟು. ಅಷ್ಟಾದ್ರೆ ಎಲ್ಲಾ ಸಾಲೂ ಹೇಗೋ ಹಿಡಿಸ್ತೀನಿ… ಹಾಂ, ಹೋಗಿ. ಫೋನ್ ಕೈಯಲ್ಲೇ ಇರಲಿ.

ಚಪ್ಪಲಿಯ ಸದ್ದು ದೂರವಾಯಿತು. ರೇಡಿಯೋ ಹತ್ತಿರವಾಯಿತು. ಡ್ರೈವರ್ ಸ್ಕೇಲು ಇಟ್ಟು ಎಡಗಡೆಯ ಅಂಚಿಗೆ ಒಂದು ಗೆರೆ ಎಳೆದ. ಅದು ಕೆಳಗೆ ಬರುತ್ತ ಬರುತ್ತ ಸ್ವಲ್ಪ ಒಳಗೆ ಸರಿದಿತ್ತು. ರಬ್ಬರ್ ಹುಡುಕಿದ. ರಬ್ಬರ್ ಅವನ ಮೊಣಕೈ ಕೆಳಗೇ ಇತ್ತು.

…ಹಲೋ, ಹೇಳಿ ಭಾವ… ಏನಂದ್ರು?… ನೀವೇ ಓದಿ, ಕನ್ನಡಕ ಒಳಗಿದೆ ಅಂದ್ರಾ. ಸರಿ, ಕನ್ನಡಕ ತಂದುಕೊಟ್ಟು… ಏನು?… ಕನ್ನಡಕ ಮೂಗಿನ ಮೇಲೇ ಇತ್ತಾ?…

…ಹಾಂ, ನಮ್ಮಮ್ಮನೂ ಹಾಗೇ. ತಲೆ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕೋರು… ಇರಲಿ. ಅಷ್ಟಕ್ಕೆಲ್ಲ ಯೋಚನೆ ಮಾಡಬೇಡಿ. ರೇಡಿಯೋ ಕೇಳೋ ಮಜದಲ್ಲಿ ಅಂದಿರಬಹುದು. ಬೇರೆ ಏನಿದೆ ಅಲ್ಲಿ? ಗೋಡೆ ಮೇಲೆ ಕ್ಯಾಲೆಂಡರ್ ಇದೆಯಾ?… ದೊಡ್ಡದಾ? ಅದೇ ಸರಿ! ಅದರಲ್ಲಿ ತಿಂಗಳ ಹೆಸರು ಎಷ್ಟಿದೆ?… ಹೆಬ್ಬೆರಳಿನಷ್ಟು. ಕೇಳಿ ನೋಡಿ ಹಾಗಾದ್ರೆ. ಸುಮ್ನೆ ಕೇಳಿದ ಹಾಗೆ, ಅಲ್ಲೇನು ಬರೆದಿದೆ ಹೇಳು ಅಂತ.

ಹೆಬ್ಬೆರಳಿನಷ್ಟಾದರೆ ಮುನ್ನುಡಿ ಹೋಗಬೇಕು. ಡ್ರೈವರ್ ಅದರ ಜಾಗಕ್ಕೆ ಎಳೆದಿದ್ದ ಗೆರೆಗಳನ್ನು ಅಳಿಸತೊಡಗಿದ. ಔಷಧಿ ಕೌಂಟರಿನವರು ವಾರವೆಲ್ಲ ಮುಖ ಊದಿಸಿಕೊಂಡಿರುತ್ತಾರೆ, ಊದಿಸಿಕೊಳ್ಳಲಿ. ಆಮೇಲೆ ಕಾವಲುಗಾರನ ಸಾಲು, ನೆಲ ಒರೆಸುವ ಅಮ್ಮನ ಸಾಲು. ಅಲ್ಲಿ ಅವನ ಕೈ ನಿಂತಿತು. ಆಯಮ್ಮನಿಗೆ ಓದಲು ಬರುವುದಿಲ್ಲ. ಹೇಳಿ ಬರೆಸಿದ್ದಳು. ಬರೆದದ್ದನ್ನು ಮೂರು ನಾಲ್ಕು ಸಲ ಓದಿಸಿ ಕೇಳಿ, ನಂದು ಎಲ್ಲಿ ಬರುತ್ತೆ ತೋರಿಸು ಎಂದು ಹಾಳೆಯ ಮೇಲೆ ಆ ಜಾಗವನ್ನು ಬೆರಳಿನಿಂದ ಮುಟ್ಟಿ ಹೋಗಿದ್ದಳು. ಆ ಜಾಗವನ್ನು ಅವನು ಹೇಗೆ ಅಳಿಸಬೇಕು?

…ಹಾಂ ಭಾವ?… ಹೇಳಿದ್ರಾ! ತಿಂಗಳು ಸರಿಯಾಗಿ ಹೇಳಿದ್ರಾ? ನೋಡಿ, ನಾನು ಹೇಳ್ಲಿಲ್ವಾ! ಅಬ್ಬ, ಜೀವ ಬಂತು. ಹಾಗಾದ್ರೆ ಹೆಬ್ಬೆರಳಿನಷ್ಟು ಅಂತ ಇಟ್ಕೊಳ್ಲಾ?… ಭಾವ?… ಹಲೋ?… ಯಾಕೆ, ಏನಾಯ್ತು?…

…ಹಾಳೆ ಮಗುಚಿಲ್ಲ?… ಅಂದ್ರೆ?… ಕ್ಯಾಲೆಂಡರಲ್ಲಿ ಇನ್ನೂ ಹೋದ ತಿಂಗಳೇ ಇದೆಯಾ?… ಅವರು ಈ ತಿಂಗಳ ಹೆಸರು ಹೇಳಿದ್ರಾ. ನೋಡದೆ. ಲೆಕ್ಕದ ಮೇಲೆ…

ಡ್ರೈವರ್ ಪೆನ್ಸಿಲನ್ನು ಮೆಲ್ಲಗೆ ಕೆಳಗಿಟ್ಟ. ಅದು ಉರುಳಿ ಮೇಜಿನ ಅಂಚಿಗೆ ಹೋಗಿ ನೆಲಕ್ಕೆ ಬಿತ್ತು. ಅವನು ಎತ್ತಿಕೊಳ್ಳಲಿಲ್ಲ.

…ಭಾವ, ಬಿಡಿ. ಇನ್ನು ಪರೀಕ್ಷೆ ಬೇಡ. ಕೇಳಿದ್ದೇ ನನ್ನ ತಪ್ಪು. ನಾನು ಯಾವುದೋ ಒಂದು ಅಳತೆ ಹಿಡ್ಕೊಂಡು ಬರೀತೀನಿ, ಆಯ್ತಾ?… ಏನು? ಎಲ್ಲಿಗೆ ಹೋಗ್ತಿದೀರಿ?… ಭಾವ, ಬೇಡ ಅಂದೆ… ಹಲೋ?… ಹಲೋ, ಭಾವ?…

ರೇಡಿಯೋದಲ್ಲಿ ಯಾರೋ ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕುವ ಬಗ್ಗೆ ಹೇಳುತ್ತಿದ್ದರು. ಡ್ರೈವರ್‌ಗೆ ಪ್ರತಿ ಮಾತೂ ಕೇಳಿಸುತ್ತಿತ್ತು. ಭಾವನ ಉಸಿರು ಕೇಳಿಸುತ್ತಿತ್ತು, ಹೆಜ್ಜೆ ಕೇಳಿಸುತ್ತಿರಲಿಲ್ಲ. ಚಪ್ಪಲಿ ಬಿಟ್ಟು ನಡೆಯುತ್ತಿರಬೇಕು. ಫೋನ್ ಇಟ್ಟುಬಿಡೋಣವೆನಿಸಿತು. ಇಟ್ಟರೆ ಆ ಮನುಷ್ಯನನ್ನು ಆ ಕೋಣೆಯಲ್ಲಿ ಒಬ್ಬರನ್ನೇ ಬಿಟ್ಟುಬಂದ ಹಾಗೆ. ಇಡದಿದ್ದರೆ, ತಾನು ಕೇಳಬಾರದ್ದನ್ನು ಕದ್ದು ಕೇಳಿದ ಹಾಗೆ. ಆಕ್ಸಿಡೆಂಟ್ ಆದ ಕಡೆ ಅವನಿಗೆ ಏನು ಮಾಡಬೇಕೆಂದು ಗೊತ್ತಿರುತ್ತಿತ್ತು. ಸ್ಟ್ರೆಚರ್ ತೆಗೆ, ತಲೆ ಹಿಡಿ, ದಾರಿ ಬಿಡಿ ಅನ್ನು, ಸೈರನ್ ಹಾಕು. ಇಲ್ಲಿ ಕೈಗೆ ಒಂದು ಕೆಲಸವೂ ಸಿಗಲಿಲ್ಲ. ಅವನು ಸುಮ್ಮನೆ ರಬ್ಬರಿನ ಪುಡಿಯನ್ನು ಒಂದು ಕಡೆಗೆ ಗುಡ್ಡೆ ಮಾಡಿದ.

…ಹಾಂ. ಇದೀನಿ ಭಾವ, ಇಲ್ಲೇ ಇದೀನಿ. ಹೇಳಿ… ಮೆಲ್ಲಗೆ ಹೇಳಿ, ಅವಸರ ಇಲ್ಲ… ಕಿಟಕಿ ಹತ್ರ ಹೋಗಿ ನಿಂತ್ರಾ. ಅವರ ಎದುರಿಗೇನಾ?… ಬೆಳಕಲ್ಲೇ ನಿಂತಿದ್ರಾ… ಯಾರದು ಫೋನಲ್ಲಿ ಅಂತ ಕೇಳಿದ್ರಾ? ಸರಿ, ಅದರಲ್ಲೇನು… ಏನು?…

…ಅಡುಗೆಮನೆ ಬಾಗಿಲಿಗೆ ಕೇಳಿದ್ರಾ? ನೀವು ಕಿಟಕಿ ಹತ್ರ ಇರೋವಾಗ?… ಬಾಗಿಲ ಕಡೆ ನೋಡಿ ನಕ್ರಾ…

…ಭಾವ. ಭಾವ, ಕೂತ್ಕೊಳ್ಳಿ ಸ್ವಲ್ಪ. ಕುರ್ಚಿ ಇದೆಯಾ ಅಲ್ಲಿ?… ಏನು ಕುರ್ಚಿ?… ಕುರ್ಚಿ ಒಂಚೂರು ಜರುಗಿಸಿದ್ರೂ ಬೈತಾರಾ? ಯಾವಾಗಿಂದ?… ಹಾಂ… ಚಪ್ಪಲಿ ಬಾಗಿಲ ಮಧ್ಯೆ ಬಿಟ್ರೂ ಬೈತಾರೆ. ಹಾಂ. ಉಪ್ಪಿನ ಡಬ್ಬಿ ಆ ಜಾಗದಲ್ಲೇ ಇರಬೇಕು. ಹಾಂ, ಹಾಂ… ನೀವು ಅದನ್ನ ಶಿಸ್ತು ಅಂದ್ಕೊಂಡ್ರಿ. ಯಾರಾದ್ರೂ ಹಾಗೇ ಅಂದ್ಕೊಳ್ಳೋದು ಭಾವ. ನಾವೂ ಹಾಗೇ ಅಂದ್ಕೊಂಡ್ವಿ. ವಾರ್ಡಲ್ಲೂ ಟ್ರೇ ಎಲ್ಲಿಡಬೇಕೋ ಅಲ್ಲೇ ಇಡಬೇಕು ಅಂತ ಕೂಗಾಡ್ತಿದ್ರು, ದೊಡ್ಡ ಸಿಸ್ಟರ್ ಅಂದ್ಮೇಲೆ ಹಾಗೇ ಇರ್ತಾರೆ ಅಂತ… ಇಲ್ಲ ಭಾವ, ಹಾಗನ್ನಬೇಡಿ. ಒಂದೇ ಮನೇಲಿದ್ದು ಕಾಣಲಿಲ್ಲ ಅಂದ್ರೆ ನಿಮಗೆ ಪ್ರೀತಿ ಇಲ್ಲ ಅಂತಲಾ? ಅವರು ಮುಚ್ಚಿಟ್ರು. ಮುಚ್ಚಿಟ್ಟಿದ್ದು ಕಾಣೋದು ಹೇಗೆ?…

…ಭಾವ, ಅಳಬೇಡಿ. ಅವರಿಗೆ ಕೇಳಿಸುತ್ತೆ… ಭಾವ?…

ಫೋನು ಏನಕ್ಕೋ ತಾಗಿತು. ರೇಡಿಯೋ ನಿಂತಿತು. ಬಳೆಯ ಸದ್ದೊಂದು ಬಂದು, ಆಮೇಲೆ ಉಸಿರಾಟವೇ ಬೇರೆಯಾಯಿತು. ಡ್ರೈವರ್ ತನಗೆ ತಿಳಿಯದೆ ಕುರ್ಚಿಯಿಂದ ಎದ್ದು ನಿಂತ, ವಾರ್ಡಿನ ಬಾಗಿಲಲ್ಲಿ ನಿಲ್ಲುವ ಹಾಗೆ.

…ಹ… ಸಿಸ್ಟರ್! ನಮಸ್ಕಾರ ಸಿಸ್ಟರ್. ಏನಿಲ್ಲ, ಸುಮ್ನೆ. ಗಾಡಿ ಎಂಜಿನ್ ಏನೋ ಕಟಕಟ ಅಂತಿತ್ತು, ಭಾವನ್ನ ಒಂದು ಮಾತು ಕೇಳೋಣ ಅಂತ… ಹಾಂ?… ಎಂಜಿನ್ನಿಗೂ ಕ್ಯಾಲೆಂಡರಿಗೂ ಏನು ಸಂಬಂಧ ಅಂದ್ರೆ… ಅದು… ಸರ್ವಿಸ್ ತಾರೀಖು…

…ಎಲ್ಲಾ ಕೇಳಿಸಿತಾ?… ಮೊದಲಿಂದ?… ತಪ್ಪಾಯ್ತು ಸಿಸ್ಟರ್. ನಿಜವಾಗ್ಲೂ ತಪ್ಪಾಯ್ತು. ನನಗೆ ಅಕ್ಷರದ ಅಳತೆ ಬೇಕಿತ್ತು ಅಷ್ಟೇ, ನಾನು ಹೀಗಾಗುತ್ತೆ ಅಂತ… ಬೈಯಿರಿ. ಬೈದ್ಬಿಡಿ… ಬೈಯಲ್ವಾ?… ಭಾವ ಎಲ್ಲಿ?… ಹಿತ್ತಿಲಿಗೆ ಹೋದ್ರಾ. ನಲ್ಲಿ ಬಿಟ್ಟಿದಾರಾ. ಹಾಂ, ನನಗೂ ಕೇಳಿಸ್ತಿದೆ ನೀರಿನ ಸದ್ದು.

…ಡಾಕ್ಟರಿಗೆ ತೋರಿಸಿದ್ರಾ? ಒಬ್ಬರೇ ಹೋಗಿದ್ರಾ? ನಮ್ಮಲ್ಲಲ್ಲ, ಬೇರೆ ಕಡೆ… ಏನಂದ್ರು?… ಕಣ್ಣಿನ ಹಿಂದಿನ ನರ. ಹಾಂ. ಆಪರೇಷನ್?… ಆಗಲ್ವಾ. ಕನ್ನಡಕ?… ಅದೂ ಬರೀ ತೋರಿಕೆಗಾ… ಇನ್ನು ಎಷ್ಟು… ಇಲ್ಲ, ಬೇಡ, ಹೇಳಬೇಡಿ. ಅಂಚಿಂದ ಒಳಗೆ ಒಳಗೆ ಮುಚ್ಚಿಕೊಂಡು ಬಂದು, ಈಗ ನಡುವೆ ಉಳಿದದ್ದೂ ಮಂಜು ಅಂತೀರಾ. ಹಾಂ…

…ಇಲ್ಲ ಸಿಸ್ಟರ್, ನಿಮ್ಮ ಕೈಯಿಂದ ಯಾರಿಗಾದ್ರೂ ತೊಂದರೆ ಆಗಿರಬಹುದು ಅಂತ ನಾನು ಯಾವತ್ತೂ ಅನುಮಾನಪಟ್ಟಿಲ್ಲ. ಇಂಜೆಕ್ಷನ್ನು, ಔಷಧಿ ಎಲ್ಲ ಆ ಚಿಕ್ಕ ಸಿಸ್ಟರ್‌ಗಳ ಕೈಗೇ ಕೊಟ್ಟು ನೀವು ಪಕ್ಕದಲ್ಲಿ ನಿಂತಿರ್ತಿದ್ರಿ. ಅವರಿಗೆ ಕಲಿಸೋಕೆ ಅಂತ ಎಲ್ಲರೂ ಅಂದ್ಕೊಂಡಿದ್ವಿ… ಅದಕ್ಕೇನಾ ಅವಧಿಗೆ ಮುಂಚೆ ಬಿಡ್ತಿರೋದು? ಮೊಮ್ಮಕ್ಕಳನ್ನ ನೋಡ್ಕೋಬೇಕು ಅಂದ್ರಲ್ಲ ಎಲ್ಲರಿಗೂ… ಸುಳ್ಳಲ್ಲ ಅಂತೀರಾ. ಹಾಂ. ನೋಡ್ಕೋಬೇಕು ಅನ್ನೋದು ಸುಳ್ಳಲ್ಲ. ಕಾಣೋವಷ್ಟು ದಿನ. ಹಾಂ… ಗೊತ್ತಾಯ್ತು ಸಿಸ್ಟರ್.

…ಭಾವನಿಗೆ ಯಾಕೆ ಹೇಳ್ಲಿಲ್ಲ ಅಂತ ನಾನು ಕೇಳಬಾರದು. ಆದ್ರೂ… ಹಾಂ. ಗೊತ್ತಾದ ದಿನದಿಂದ ಒಂದು ಲೋಟ ಎತ್ತೋಕೂ ಬಿಡಲ್ಲ ಅಂತ. ಅದು ನಿಜ. ಬಿಡೋ ಮನುಷ್ಯ ಅಲ್ಲ ಅವರು. ಈಗ?… ನೀರು ನಿಲ್ಲಿಸಿದ್ರಾ?… ಇನ್ನೂ ಇಲ್ಲ.

ಡ್ರೈವರ್ ಮತ್ತೆ ಕೂತ. ಹಾಳೆಯ ಮೇಲೆ ಅರ್ಧ ಅಳಿಸಿದ ಗೆರೆಗಳು, ಅಳಿಸದ ಗೆರೆಗಳು, ಅವನ ಬೆವರಿದ ಅಂಗೈಯ ಗುರುತು. ಅಕ್ಷರ ಅಂಗೈಯಷ್ಟು ದೊಡ್ಡದು ಮಾಡಿದರೆ ಈ ಹಾಳೆಯಲ್ಲಿ ಒಂದು ಪದ ಹಿಡಿಯುತ್ತದೆ, ಬಹಳವೆಂದರೆ ಎರಡು. ಯಾರ ಪದ? ಯಾವುದು? ತಾನು ಆರಿಸಿ ಉಳಿದವರನ್ನೆಲ್ಲ ಹೊರಗೆ ಹಾಕಿದರೂ ಅವರಿಗೆ ಕಾಣುತ್ತದೆ ಎಂದೇನಿದೆ?

…ಹಾಂ ಸಿಸ್ಟರ್? ಹಾಳೆನಾ? ಅದನ್ನ ಬಿಡಿ ಈಗ… ಇಲ್ಲ, ಏನೂ ಆಗಿಲ್ಲ. ಗೆರೆ ಎಳೆಯೋದು, ಅಳಿಸೋದು. ಅಳಿಸಿ ಅಳಿಸಿ ಹಾಳೆ ಉಣ್ಣೆ ಬಟ್ಟೆ ಥರ ಆಗಿದೆ. ದೊಡ್ಡದು ಮಾಡಿದ್ರೆ ಸಾಲು ಹಿಡಿಸಲ್ಲ, ಚಿಕ್ಕದು ಮಾಡಿದ್ರೆ ನಿಮಗೆ… ಹಾಂ, ಅದೇ. ನನಗೆ ಒಂದೂ ತೋಚ್ತಿಲ್ಲ ಸಿಸ್ಟರ್. ನಾನು ಇನ್ನೂ ಕಲೀತಿರೋನು. ಗೊತ್ತಿರೋರಾಗಿದ್ರೆ ಏನಾದ್ರೂ ಒಂದು ಉಪಾಯ ಮಾಡ್ತಿದ್ರು…

…ಚಿಕ್ಕದಾಗೇ ಬರೀಲಾ?… ಎಲ್ಲರದ್ದೂ?… ನಿಮಗೆ ಕಾಣದೆ ಇರೋದನ್ನ ನಾನು ನಿಮಗೆ ಹೇಗೆ ಕೊಡ್ಲಿ ಸಿಸ್ಟರ್? ಅದು ಹೇಗಾಗುತ್ತೆ ಅಂದ್ರೆ… ಹಾಂ?… ಹಾಲ್‌ನಲ್ಲಿ ಹಾಕ್ತೀರಾ. ಬಂದೋರೆಲ್ಲ ಓದಿ ಹೇಳಬೇಕಾ. ಪಕ್ಕದ ಮನೆಯೋರು, ನೆಂಟರು, ಗ್ಯಾಸ್ ತಂದುಕೊಡೋನು… ಅವನೂನಾ! ಅವನು ನಿಂತ್ಕೊಂಡು ಅದೆಲ್ಲ ಓದ್ತಾನಾ ಸಿಸ್ಟರ್?… ನೀವು ಕೂರಿಸಿ ಓದಿಸ್ತೀರಾ. ಹಾಂ, ಓದಿಸ್ತೀರಿ ನೀವು. ಅದರಲ್ಲಿ ಅನುಮಾನ ಇಲ್ಲ…

ಅವನಿಗೆ ನಗು ಬಂತು. ನಗುತ್ತಲೇ ತೋಳಿನಿಂದ ಕಣ್ಣೊರೆಸಿಕೊಂಡ. ಮೇಜಿನ ಕೆಳಗೆ ಬಗ್ಗಿ ಪೆನ್ಸಿಲ್ ಹುಡುಕುವ ನೆಪ ಮಾಡಿದ. ನೋಡುವವರು ಯಾರೂ ಇರಲಿಲ್ಲ, ಆದರೂ.

…ಈಗ್ಲಾ? ಈಗ್ಲೇ ಓದ್ಲಾ?… ನಾಳೆಯದಲ್ವಾ, ಎಲ್ಲರ ಮುಂದೆ… ಎಲ್ಲರ ಮುಂದೆ ಬೇಡವಾ. ಸರಿ. ಹಾಂ, ಗೊತ್ತಾಯ್ತು, ಅಲ್ಲಿ ಕೇಳಿ ಮುಖ ಹಾಳು ಮಾಡ್ಕೊಳ್ಳೋದಕ್ಕಿಂತ ಇಲ್ಲೇ ಆಗಲಿ ಅಂತೀರಾ… ಇಲ್ಲ, ವಾರ್ಡಲ್ಲಿ ಯಾರಿಗೂ ಹೇಳಲ್ಲ. ನನ್ನಾಣೆ… ಸರಿ, ಆಣೆ ಬೇಡ. ಹೇಳಲ್ಲ ಅಷ್ಟೇ.

…ಮೊದಲು ಔಷಧಿ ಕೌಂಟರಿನವರದ್ದು. ನಗಬಾರದು. “ಕರುಣಾಸಾಗರಿ, ಸೇವಾಧುರೀಣೆ, ಶುಶ್ರೂಷಾ ಲೋಕದ ಧ್ರುವತಾರೆಯಾದ ತಮಗೆ”… ನಗಬಾರದು ಅಂದೆ ಸಿಸ್ಟರ್! ಇದರಲ್ಲಿರೋ ಒತ್ತಕ್ಷರಗಳಿಗೇ ಒಂದು ಹಾಳೆ ಬೇಕು… ಆಯ್ತಾ? ಮುಂದೆ ಕಾವಲುಗಾರಂದು. “ಒಳಗೆ ಬಿಡದ್ದಕ್ಕೆ ಜಗಳಕ್ಕೆ ಬರುವ ಗಂಡಂದಿರಿಗೆಲ್ಲ ನಿಮ್ಮನ್ನು ತೋರಿಸಿ ಹೆದರಿಸುತ್ತಿದ್ದೆ. ನಾಳೆಯಿಂದ ಯಾರನ್ನು ತೋರಿಸಲಿ.”… ಹಾಂ, ಅವನೇ ಹೇಳಿದ್ದು, ನಾನು ಒಂದಕ್ಷರ ಸೇರಿಸಿಲ್ಲ.

…ಇದು ನೆಲ ಒರೆಸೋ ಅಮ್ಮಂದು. “ನೆಲ ಹಸಿ ಇರುವಾಗ ಚಪ್ಪಲಿ ಕೈಯಲ್ಲಿ ಹಿಡಿದು ಗೋಡೆ ಬದಿಯಲ್ಲಿ ಹೋಗುತ್ತಿದ್ದವರು ಈ ಆಸ್ಪತ್ರೆಯಲ್ಲಿ ಒಬ್ಬರೇ.”… ಸಿಸ್ಟರ್?… ಹಾಂ, ಇದೀರಾ. ನಿಲ್ಲಿಸ್ಲಾ?… ಓದ್ಲಾ. ಸರಿ.

…ಹೊಸ ಸಿಸ್ಟರ್‌ದು. “ನನ್ನ ಕೈಯಲ್ಲಿ ಹುಟ್ಟಿದ ಮೊದಲ ಮಗು ಅಳುವ ತನಕ ನಿಮ್ಮ ಕೈ ನನ್ನ ಬೆನ್ನ ಮೇಲಿತ್ತು.”… 

ಇನ್ನು ಉಳಿದದ್ದು ಅವನದೇ ಸಾಲು. ಅದನ್ನು ಅವನು ಯಾರಿಗೂ ತೋರಿಸಿರಲಿಲ್ಲ. ಕಳೆದ ವರ್ಷ ಒಂದು ದಿನ, ದೂರದಿಂದ ಕರೆತರುತ್ತಿದ್ದ ಬಸುರಿ ಹೆಂಗಸು ಅವನ ಗಾಡಿಯಲ್ಲೇ ತೀರಿಕೊಂಡಿದ್ದಳು. ದಾರಿಯಲ್ಲಿ ಎಲ್ಲೂ ನಿಲ್ಲಿಸಿರಲಿಲ್ಲ, ಎಲ್ಲೂ ತಪ್ಪಿರಲಿಲ್ಲ. ಆದರೂ ಆಸ್ಪತ್ರೆ ತಲುಪಿ ಎಲ್ಲರೂ ಇಳಿದ ಮೇಲೆ ಅವನ ಕೈ ಸ್ಟೀರಿಂಗ್ ಬಿಡಲಿಲ್ಲ. ಯಾರು ಕರೆದರೂ ಇಳಿಯಲಿಲ್ಲ. ಆಗ ದೊಡ್ಡ ಸಿಸ್ಟರ್ ಬಂದು, ಆ ಕಡೆಯ ಬಾಗಿಲು ತೆಗೆದು, ಹತ್ತಿ ಕೂತಿದ್ದರು. ಸಮಾಧಾನ ಹೇಳಲಿಲ್ಲ, ಮೈ ಮುಟ್ಟಲಿಲ್ಲ. ಅವನ ಜೊತೆ ಗಾಜಿನಾಚೆ ನೋಡುತ್ತ ಕೂತಿದ್ದರು. ಆಮೇಲೆ ಕೈ ತೊಳ್ಕೊಂಡು ಬಾ ಎಂದಷ್ಟೇ ಹೇಳಿ ಇಳಿದು ಹೋಗಿದ್ದರು. ಆ ಮಾತು ಮತ್ತೆ ಅವರಿಬ್ಬರ ನಡುವೆ ಬಂದಿರಲಿಲ್ಲ.

ಡ್ರೈವರ್ ಕಣ್ಣು ಮುಚ್ಚಿಕೊಂಡ. ಅದನ್ನು ಹೇಳಲು ಅವನಿಗೆ ಹಾಳೆ ನೋಡಬೇಕಾಗಿರಲಿಲ್ಲ.

…ಕೊನೇದು ನಂದು ಸಿಸ್ಟರ್. “ನನ್ನ ಪಕ್ಕದ ಸೀಟಿನಲ್ಲಿ ಬಂದು ಸುಮ್ಮನೆ ಕೂತವರು.” ಅಷ್ಟೇ. ಬೇರೆ ಏನೂ ಹೊಳೀಲಿಲ್ಲ… ನಿಮಗೆ ನೆನಪಿದೆಯೋ ಇಲ್ವೋ. ಅವತ್ತು ನೀವು ಬರದೇ ಇದ್ದಿದ್ರೆ ನಾನು ಮಾರನೇ ದಿನ ಗಾಡಿ ಹತ್ತುತ್ತಿರಲಿಲ್ಲ. ಕೀಲಿ ವಾಪಸ್ ಕೊಟ್ಟುಬಿಡೋಣ ಅಂತ ಜೇಬಲ್ಲಿ ಇಟ್ಕೊಂಡಿದ್ದೆ. ಮನೇಲೂ ಹೇಳಿಲ್ಲ ಇ… ಇದನ್ನ. ನಿಮಗೆ ಹೇಳಬೇಕು ಹೇಳಬೇಕು ಅಂತ ಅಂದ್ಕೋತಾನೇ ಇದ್ದೆ. ಎದುರಿಗೆ ಬಂದ್ರೆ ಬಾಯಿ ಬರ್ತಿರಲಿಲ್ಲ. ನೀವು ಹೋಗಬಾರದಿತ್ತು ಸಿಸ್ಟರ್. ಹೋಗಲೇಬೇಕು, ಗೊತ್ತು. ಆದ್ರೂ…

…ಏನಾದ್ರೂ ಅನ್ನಿ ಸಿಸ್ಟರ್.

…ಸಿಸ್ಟರ್?…

ಅವನು ಕಣ್ಣು ಬಿಟ್ಟು ಫೋನನ್ನು ಕಿವಿಯಿಂದ ತೆಗೆದು ನೋಡಿದ. ಪರದೆ ಕಪ್ಪಗಿತ್ತು. ಒತ್ತಿದರೆ ಬೆಳಗಿತು, ಅದರ ಮೇಲೆ ಗಂಟೆ ಬಿಟ್ಟರೆ ಬೇರೇನೂ ಇರಲಿಲ್ಲ. ಲೈನು ಈಗ ಕಟ್ಟಾಯಿತೋ, ಆಗಲೇ ಕಟ್ಟಾಗಿತ್ತೋ ಅವನಿಗೆ ತಿಳಿಯಲಿಲ್ಲ. ಮತ್ತೆ ಕಿವಿಗಿಟ್ಟುಕೊಂಡ, ಇನ್ನೂ ಜೋರಾಗಿ ಒತ್ತಿ.

…ಹಲೋ?… ಹಲೋ, ಸಿಸ್ಟರ್?… ಎಲ್ಲಿ ತನಕ ಕೇಳಿಸ್ತು?…